ಪ್ರಶ್ನೆ: ಜನವರಿ ಮೊದಲ ವಾರ ಶ್ರೀನಗರದಿಂದ ಒಂದೇ ದಿನದಲ್ಲಿ ಗುಲ್ಮಾರ್ಗ್ ಸ್ನೋಮೊಬೈಲ್ (ಹಿಮದ ಮೇಲೆ ಓಡೋ ಬೈಕಿನಂಥ ಗಾಡಿ), ಕಾಶ್ಮೀರಿ ಊಟ ಎರಡೂ ಆಗುತ್ತಾ? (ಅಮ್ಮ ಸಸ್ಯಾಹಾರಿ)

ಆಗುತ್ತೆ ಸರ್, ಆದರೆ ಬೆಳಗ್ಗೆ ಬೇಗ ಹೊರಡಬೇಕು. ದೂರ ಸುಮಾರು 50 ಕಿ.ಮೀ. ಅಷ್ಟೇ. ಆದರೆ ನೀವು ಹೇಳಿದ ಜನವರಿ ಮೊದಲ ವಾರ ಅಂದ್ರೆ ಚಿಲ್ಲೈ ಕಲಾನ್, ಡಿಸೆಂಬರ್ 21ರಿಂದ 40 ದಿನದ ಕಡು ಚಳಿ. ಹಿಮ ಬಿದ್ದಿದ್ದರೆ ದಾರಿಯಲ್ಲಿ ಬೆಟ್ಟದ ಬುಡದ ಊರು ತಂಗ್‌ಮಾರ್ಗ್‌ನಿಂದ ಮೇಲಿನ 13 ಕಿ.ಮೀ.ಗೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೇ ಬೇಕು. ಗಮ್‌ಬೂಟು, ದಪ್ಪ ಕೋಟು ಅಲ್ಲೇ ಬಾಡಿಗೆಗೆ ಸಿಗುತ್ತೆ. ಬೂಟಿನೊಳಗೆ ಕಾಲುಚೀಲ ಒದ್ದೆಯಾದ್ರೆ ಇಡೀ ದಿನ ಹಾಳು, ಇನ್ನೊಂದು ಜೊತೆ ಇಟ್ಕೊಳ್ಳಿ.

ಸ್ನೋಮೊಬೈಲನ್ನು ಸಾಮಾನ್ಯವಾಗಿ ಗಾಡಿಯವರೇ ಓಡಿಸ್ತಾರೆ, ನೀವು ಹಿಂದೆ ಕೂರೋದು. ಎಲ್ಲಿವರೆಗೆ, ಎಷ್ಟು ಹೊತ್ತು, ಒಟ್ಟು ಎಷ್ಟು ದುಡ್ಡು ಅಂತ ಹತ್ತೋ ಮೊದಲೇ ಮಾತಾಡಿ. ನಾನು ಮಾತಾಡದೆ ಹತ್ತಿ, ಇಳಿದ ಮೇಲೆ ಅರ್ಧ ಗಂಟೆ ಜಗಳ ಆಡಿದ್ದೆ! ಅಮ್ಮನಿಗೆ ಸೊಂಟನೋವು ಇದ್ದರೆ ಬೇಡ, ಕುಲುಕಾಟ ಜಾಸ್ತಿ. ಗೊಂಡೋಲಾದಲ್ಲಿ (ಅಲ್ಲಿನ ಕೇಬಲ್ ಕಾರ್) ಮೊದಲ ಹಂತದ ನಿಲ್ದಾಣ ಕೊಂಗ್ಡೂರಿವರೆಗೆ ಕರ್ಕೊಂಡು ಹೋಗಿ.

ಊಟಕ್ಕೆ ಅಮ್ಮನಿಗೆ ಅನ್ನ, ಹಾಖ್ ಸೊಪ್ಪು, ನದ್ರು ಯಖ್ನಿ ಕೇಳಿ. ನದ್ರು ಅಂದ್ರೆ ತಾವರೆ ದಂಟು, ಮೊಸರಿನಲ್ಲಿ ಬೇಯಿಸಿರ್ತಾರೆ. ನಮ್ಮ ಮಜ್ಜಿಗೆ ಹುಳಿಯ ದೂರದ ನೆಂಟ ಅನ್ನಬಹುದು, ಸೋಂಪಿನ ವಾಸನೆ ಮಾತ್ರ ಬೇರೆ. ಅಡುಗೆಗೆ ಮಾಂಸದ ಸಾರು ಸೇರಿಸಿಲ್ಲ ತಾನೇ ಅಂತ ಖಚಿತ ಮಾಡ್ಕೊಳ್ಳಿ. ಕೇಸರಿ, ಬಾದಾಮಿ ಹಾಕಿದ ಕಹ್ವಾ ಟೀ ಅವರಿಗೆ ಖಂಡಿತ ಹಿಡಿಸುತ್ತೆ. ಗುಲಾಬಿ ಬಣ್ಣದ ನೂನ್ ಚಾಯ್ ಉಪ್ಪಿನದು, ಮೊದಲೇ ಹೇಳಿಬಿಡಿ!

ನೀವು ಮಾಂಸ ತಿನ್ನೋರಾದ್ರೆ ಹರೀಸಾ ಬಿಡಬೇಡಿ. ರಾತ್ರಿಯಿಡೀ ಬೇಯಿಸಿದ ಕುರಿಮಾಂಸ, ಚಳಿಗಾಲಕ್ಕಷ್ಟೇ. ಅದು ಶ್ರೀನಗರದ ಹಳೇ ಪೇಟೆಯಲ್ಲಿ, ಅದೂ ಬೆಳಗ್ಗೆ ಮಾತ್ರ, ಹಾಗಾಗಿ ಗುಲ್ಮಾರ್ಗ್ ದಿನ ಬಿಟ್ಟು ಮಾರನೇ ದಿನ ಇಟ್ಕೊಳ್ಳಿ.