ಮನೆಯಲ್ಲೇ ಶಿಲುಬೆ ಹಾದಿ

ಪ್ರಶ್ನೆ: ಅವ್ವನಿಗೆ 72 ವರ್ಷ, ಮೊಣಕಾಲು ನೋವು. ಶುಭ ಶುಕ್ರವಾರದ ಬಿಸಿಲಿನಲ್ಲಿ ಚರ್ಚಿಗೆ ಹೋಗಲಾರರು. ಯೇಸುಸ್ವಾಮಿಯ ಯಾತನೆ, ಮರಣವನ್ನು ಹಂತಹಂತವಾಗಿ ಧ್ಯಾನಿಸುವ ಶಿಲುಬೆ ಹಾದಿ ಪ್ರಾರ್ಥನೆಯನ್ನು ಮನೆಯಲ್ಲಿ ಮಾಡಬಹುದೇ? ಕೊನೆಗೆ ಪುನರುತ್ಥಾನವನ್ನೂ ಸೇರಿಸಬೇಕೇ?
– ಓದುಗರು, ವಿಜಯಪುರ

ಉತ್ತರ: ಖಂಡಿತ ಮಾಡಿ. ಒಂದು ಶಿಲುಬೆ, ಒಂದು ಮೇಣದಬತ್ತಿ ಸಾಕು. ಅವ್ವ ಕುರ್ಚಿಯಲ್ಲೇ ಕೂರಲಿ. 14 ಸ್ಥಳಗಳಿವೆ, ಅಂದರೆ ಮರಣದ ತೀರ್ಪಿನಿಂದ ಸಮಾಧಿಯವರೆಗಿನ 14 ಘಟನೆಗಳು. ಪ್ರತಿಯೊಂದರ ಹೆಸರು ಹೇಳಿ, "ಕ್ರಿಸ್ತರೇ, ನಿಮ್ಮನ್ನು ಆರಾಧಿಸುತ್ತೇವೆ" ಎಂದು ಒಬ್ಬರು, "ನಿಮ್ಮ ಪವಿತ್ರ ಶಿಲುಬೆಯಿಂದ ಲೋಕವನ್ನು ರಕ್ಷಿಸಿದ್ದೀರಿ" ಎಂದು ಉಳಿದವರು ಹೇಳಿ. ಆಮೇಲೆ ತುಸು ಮೌನ, ಯೇಸುಸ್ವಾಮಿ ಕಲಿಸಿದ ಪರಲೋಕ ಮಂತ್ರ ಒಂದು ಸಲ. ಸ್ಥಳಕ್ಕೆ ಎರಡು ನಿಮಿಷ ಹಿಡಿದರೆ ಅರ್ಧ ತಾಸು.

ಸಾಮಾನ್ಯವಾಗಿ ಕೆಡುವುದು ಇಲ್ಲಿ: ಮೊದಲ ಸ್ಥಳಗಳಲ್ಲಿ ಉದ್ದುದ್ದ ಧ್ಯಾನ ಓದಿ ದಣಿದು, ಯೇಸುಸ್ವಾಮಿ ಪ್ರಾಣ ಬಿಡುವ 12ನೆಯದನ್ನು ಅವಸರದಲ್ಲಿ ಮುಗಿಸುತ್ತಾರೆ. ಅತಿ ಹೆಚ್ಚು ಮೌನ ಬೇಕಾದದ್ದು ಅಲ್ಲಿಯೇ. ಸ್ವಾಮಿ ಬೀಳುವ 3, 7, 9ನೇ ಸ್ಥಳಗಳಲ್ಲಿ ಪರಿಚಿತ ರೋಗಿಗಳ ಹೆಸರು ಹೇಳಿ ಪ್ರಾರ್ಥಿಸಿ. ಆಗ ಮೂರು ಕಡೆಯೂ ಒಂದೇ ಮಾತು ಮರುಕಳಿಸುವುದಿಲ್ಲ.

ಕೆಲವೆಡೆ 15ನೆಯದಾಗಿ ಪುನರುತ್ಥಾನ ಸೇರಿಸುತ್ತಾರೆ, ತಪ್ಪಲ್ಲ. ಆದರೂ ಶುಕ್ರವಾರ 14ನೆಯದಾದ ಸಮಾಧಿಯ ಸ್ಥಳಕ್ಕೇ ನಿಲ್ಲಿಸುವುದು ಒಳಿತು. ಭಾನುವಾರ ಬೆಳಿಗ್ಗೆ ಪುನರುತ್ಥಾನವನ್ನು ಹೇಳುವ ಬೈಬಲಿನ ಯೊವಾನ್ನ 20:1-18 ಅನ್ನು ಅವ್ವನ ಜೊತೆ ಗಟ್ಟಿಯಾಗಿ ಓದಿ.

ಕಥೋಲಿಕ ನಿಯಮದಂತೆ ಶುಭ ಶುಕ್ರವಾರದ ಉಪವಾಸದ ಕಡ್ಡಾಯ 18ರಿಂದ 59 ವರ್ಷದವರಿಗಷ್ಟೇ. ಅವ್ವ ಹೊತ್ತಿಗೆ ಸರಿಯಾಗಿ ಉಂಡು ಗುಳಿಗೆ ತೆಗೆದುಕೊಳ್ಳಲಿ.