ಓದುಗರ ಪ್ರಶ್ನೆ: ಬಜೆಟ್‌ಗೆ ಮುನ್ನ ಸಂಘದ ಮನವಿ

ಪ್ರಶ್ನೆ: ಜಿಎಸ್‌ಟಿ ಇಳಿಸಿ, ವೃತ್ತಿ ತೆರಿಗೆ ಏರಿಸಬೇಡಿ, ಸರ್ಕಾರಿ ಶಾಲೆಗಳಿಗೆ ಹೆಚ್ಚು ಅನುದಾನ ಕೊಡಿ ಎಂದು ನಮ್ಮ ವ್ಯಾಪಾರಸ್ಥರ ಸಂಘ ಮುಖ್ಯಮಂತ್ರಿಗಳಿಗೆ ಮನವಿ ಕೊಡಲಿದೆ. ಮೂರನ್ನೂ ಒಂದೇ ಪತ್ರದಲ್ಲಿ ಬರೆಯಬಹುದೇ?
– ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಬೇಡ. ತೆರಿಗೆ ಇಳಿಸಿ ಎಂದ ಹಾಳೆಯಲ್ಲೇ ಅನುದಾನ ಕೇಳಿದರೆ, ಹಣಕಾಸು ಇಲಾಖೆಯವರು ದುಡ್ಡು ಎಲ್ಲಿಂದ ತರುವುದು ಎಂದು ಕೇಳಿ ಪತ್ರ ಬದಿಗಿಡುತ್ತಾರೆ.

ಜಿಎಸ್‌ಟಿ ದರ ರಾಜ್ಯವೊಂದರ ಕೈಯಲ್ಲಿಲ್ಲ. ಜಿಎಸ್‌ಟಿ ಮಂಡಳಿಯ ಮತದಲ್ಲಿ ಕೇಂದ್ರದ ತೂಕ ಮೂರನೇ ಒಂದು, ಎಲ್ಲ ರಾಜ್ಯಗಳದು ಸೇರಿ ಮೂರನೇ ಎರಡು. ಯಾವ ನಿರ್ಣಯಕ್ಕೂ ನಾಲ್ಕನೇ ಮೂರು ಭಾಗದ ಬೆಂಬಲ ಬೇಕು. ಯಾವ ಸರಕು, ಈಗಿನ ದರ ಎಷ್ಟು ಎಂದು ನಮೂದಿಸಿ, ಮಂಡಳಿಯಲ್ಲಿ ರಾಜ್ಯವನ್ನು ಪ್ರತಿನಿಧಿಸುವ ಸಚಿವರಿಗೆ ಬೇರೆ ಪತ್ರ ಬರೆಯಿರಿ.

ವೃತ್ತಿ ತೆರಿಗೆ ರಾಜ್ಯದ್ದೇ, 1976ರ ಕಾಯ್ದೆ. ಆದರೆ ‘ಏರಿಸಬೇಡಿ’ ಎನ್ನುವುದು ವ್ಯರ್ಥ. ಸಂವಿಧಾನದ 276ನೇ ವಿಧಿ ಒಬ್ಬರಿಗೆ ವರ್ಷಕ್ಕೆ 2,500 ರೂ. ಮಿತಿ ಹಾಕಿದೆ. ನೌಕರರಿಗೆ ತಿಂಗಳಿಗೆ 200 ರೂ. ಇದ್ದದ್ದು, 2025ರ ತಿದ್ದುಪಡಿಯಿಂದ ಫೆಬ್ರವರಿಗೆ ಮಾತ್ರ 300 ಆಗಿ, ಒಟ್ಟು ಆ ಮಿತಿ ಮುಟ್ಟಿಯಾಗಿದೆ. ಕೇಳುವುದಾದರೆ ವಿನಾಯಿತಿ ಹೆಚ್ಚಿಸಿ ಎಂದು ಕೇಳಿ: 2023ರ ಏಪ್ರಿಲ್‌ನಿಂದ 25,000 ರೂ.ಗಿಂತ ಕಡಿಮೆ ಸಂಬಳಕ್ಕೆ ಈ ತೆರಿಗೆ ಇಲ್ಲ. ಆ ಗೆರೆ ಎಲ್ಲಿಗೆ ಹೋಗಬೇಕು, ನಿಮ್ಮ ಸದಸ್ಯರ ಅಂಗಡಿಗಳಲ್ಲಿ ಎಷ್ಟು ಜನಕ್ಕೆ ಅನುಕೂಲ ಎಂಬ ಪಟ್ಟಿ ಜೊತೆಗಿರಲಿ. ಪಟ್ಟಿ ಇಲ್ಲದ ಮನವಿಗೆ ಸಿಗುವುದು ಸ್ವೀಕೃತಿಯ ಮೊಹರು ಮಾತ್ರ.

ಶಾಲೆಯ ವಿಷಯದಲ್ಲಿ ‘ಹೆಚ್ಚು ಅನುದಾನ’ ಎಂದರೆ ಯಾರಿಗೂ ಏನೂ ತಿಳಿಯದು. ಶಾಲೆಯ ಹೆಸರು, ಸೋರುವ ಕೊಠಡಿಗಳ ಸಂಖ್ಯೆ, ಎಂಜಿನಿಯರರ ಅಂದಾಜು ಪಟ್ಟಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವಿನ ಪ್ರತಿ, ಇಷ್ಟನ್ನು ಲಗತ್ತಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ, ಪ್ರತಿಯನ್ನು ಶಾಸಕರಿಗೆ ಕಳಿಸಿ.

ಡಿಸೆಂಬರ್ ಒಳಗೇ ತಲುಪಿಸಿ. ತೆರಿಗೆ ಮಸೂದೆ ಮಂಡನೆಯಾದ ಮೇಲೆ ಪಶ್ಚಿಮ ಶಿಕ್ಷಕರ ಕ್ಷೇತ್ರದ ಪರಿಷತ್ ಸದಸ್ಯರ ಬಳಿಗೆ ಓಡಿದರೆ ಹೆಚ್ಚೇನೂ ಸಾಗದು. ಹಣಕಾಸು ಮಸೂದೆಯನ್ನು ಪರಿಷತ್ತು 14 ದಿನ ಇಟ್ಟುಕೊಳ್ಳಬಹುದು, ಶಿಫಾರಸು ಮಾಡಬಹುದು, ಅಷ್ಟೇ.

ಪ್ರಶ್ನೆ: ಆದಾಯ ತೆರಿಗೆ ಮೇಲೆ ಕಟ್ಟುವ ಶಿಕ್ಷಣ ಸೆಸ್‌ನಲ್ಲಿ ನಮ್ಮ ಜಿಲ್ಲೆಯ ಪಾಲು ಕೇಳಬಹುದೇ?
– ಅಡತ್ ವ್ಯಾಪಾರಿ, ಬ್ಯಾಡಗಿ

ಉತ್ತರ: ಹಕ್ಕಿನಿಂದ ಕೇಳಲಾಗದು. 2018–19ರಿಂದ ಇದು ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್. ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಸೆಸ್ ಸೇರುವುದಿಲ್ಲ. ಕೇಂದ್ರದ ಶಿಕ್ಷಣದ ಹಣ ಇಲ್ಲಿಗೆ ಬರುವುದು ಸಮಗ್ರ ಶಿಕ್ಷಣದಂಥ ಯೋಜನೆಗಳ ಮೂಲಕ. ಅದರಲ್ಲಿ ಕೇಂದ್ರದ್ದು 60, ರಾಜ್ಯದ್ದು 40. ಹಾಗಾಗಿ ಸೆಸ್ ಬಗ್ಗೆ ಸಂಸದರನ್ನು ಕೇಳಿ, ಆ 40ರ ಬಗ್ಗೆ ಶಾಸಕರನ್ನು.