ಬಾಯಿಮಾತಿನ ‘ಆಗಲ್ಲ’ ಒಪ್ಪಬೇಡಿ, ಹಿಂಬರಹ ಕೇಳಿ

ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

“ಅಮ್ಮ ಕಾಫಿ ತೋಟದಲ್ಲಿ ಕೂಲಿ ಮಾಡಿಕೊಂಡೇ ನಮ್ಮನ್ನು ಸಾಕಿದವರು. ಈಗ ಕೈಲಾಗುವುದಿಲ್ಲ. ಅರವತ್ತೈದು ದಾಟಿದೆ. ಸಂಧ್ಯಾ ಸುರಕ್ಷಾ ಪಿಂಚಣಿ ಕೇಳಲು ಹೋದರೆ, ಆಧಾರ್‌ನಲ್ಲಿ 01-01-1968 ಎಂದಿದೆ, ವಯಸ್ಸು ಸಾಲದು, ಆಗಲ್ಲ ಹೋಗಿ ಎಂದರು. ನಮ್ಮಣ್ಣ ಹುಟ್ಟಿದ್ದೇ 1977ರಲ್ಲಿ! ಒಬ್ಬರು ಐದು ಸಾವಿರ ಕೊಟ್ಟರೆ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಕೊಡೋಣವೇ? ನಮ್ಮಂಥವರು ಅಪೀಲು ಹಾಕಬಹುದಾ? ಇನ್ನೊಂದು ವಿಷಯ, ಪಕ್ಕದ ಮನೆಯ ಅಜ್ಜಿಗೆ ಬರುತ್ತಿದ್ದ ಪಿಂಚಣಿ ನಿಂತುಹೋಗಿದೆ. ಬ್ಯಾಂಕಿನವರು ಎಲ್ಲ ಸರಿ ಇದೆ ಎನ್ನುತ್ತಾರೆ.”

ದುಡ್ಡು ಕೊಡಬೇಡಿ. ಅಪೀಲು ಖಂಡಿತ ಹಾಕಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಕಾಣದ ಒಂದು ವಿಷಯ ಇದೆ. ಅರ್ಜಿ ಕೊಟ್ಟದ್ದಕ್ಕೆ ನಿಮ್ಮ ಕೈಗೆ ಸ್ವೀಕೃತಿ ಚೀಟಿ ಬಂತಾ? ಅದರಲ್ಲಿ 15 ಅಂಕಿಯ ಸಕಾಲ ಸಂಖ್ಯೆ (ಸರ್ಕಾರಿ ಕೆಲಸ ಗಡುವಿನೊಳಗೆ ಆಗಬೇಕು ಎನ್ನುವ ‘ಸಕಾಲ’ ವ್ಯವಸ್ಥೆಯ ಅರ್ಜಿ ನಂಬರು) ಇತ್ತಾ? ಬರೀ ಕಿಟಕಿಯ ಹತ್ತಿರ ನಿಂತು ಕೇಳಿ, ‘ಆಗಲ್ಲ’ ಅನ್ನಿಸಿಕೊಂಡು ವಾಪಸ್ ಬಂದಿದ್ದರೆ, ಸರ್ಕಾರದ ಲೆಕ್ಕದಲ್ಲಿ ನಿಮ್ಮ ಅಮ್ಮ ಅರ್ಜಿಯನ್ನೇ ಹಾಕಿಲ್ಲ. ಹಾಕದ ಅರ್ಜಿಗೆ ಅಪೀಲು ಎಲ್ಲಿಂದ ಬರಬೇಕು? ನಮ್ಮ ಜಿಲ್ಲೆಯ ಎಷ್ಟೋ ಮುದುಕರು ಸೋಲುವುದು ಇಲ್ಲೇ. ಅವರಿಗೆ ಬಾಯಿಮಾತಿನಲ್ಲಿ ಇಲ್ಲ ಅನ್ನುತ್ತಾರೆ, ಅವರು ಬಸ್ಸು ಹತ್ತಿ ಊರಿಗೆ ಹೋಗುತ್ತಾರೆ. ಇದು ನನಗೆ ತುಂಬಾ ನೋವು ಕೊಡುವ ಸಂಗತಿ.

ಹಾಗಾಗಿ ಮೊದಲು ನಾಡಕಚೇರಿಯಲ್ಲಿ ಅರ್ಜಿ ದಾಖಲಾಗಲಿ. ಚೀಟಿಯಲ್ಲಿ ಎಷ್ಟನೇ ತಾರೀಖಿನೊಳಗೆ ತೀರ್ಮಾನ ಆಗಬೇಕು ಎಂದು ಇರುತ್ತದೆ. ತಿರಸ್ಕರಿಸುವುದಾದರೆ ಕಾರಣವನ್ನು ಬರೆದುಕೊಡಬೇಕು, ಆ ಬರಹಕ್ಕೇ ಹಿಂಬರಹ ಎನ್ನುವುದು. 2011ರ ಸಕಾಲ ಕಾಯ್ದೆಯೇ ಹಾಗೆ ಹೇಳುತ್ತದೆ. ‘ಹಿಂಬರಹ ಕೊಡಿ ಸಾರ್’ ಎಂದು ಕೇಳಿ. ಜಗಳ ಬೇಡ, ಕಾಲಿಗೆ ಬೀಳುವುದೂ ಬೇಡ. ಹಿಂಬರಹ ಸಿಕ್ಕ ದಿನದಿಂದ, ಅಥವಾ ಗಡುವು ಮುಗಿದ ದಿನದಿಂದ, 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು. ಅಲ್ಲೂ ನ್ಯಾಯ ಸಿಗದಿದ್ದರೆ ಮೇಲ್ಮನವಿ ಪ್ರಾಧಿಕಾರ ಇದೆ. ಸಕಾಲ ಸಂಖ್ಯೆ ಇದ್ದರೆ 080-44554455ಕ್ಕೆ ಫೋನ್ ಮಾಡಿಯೂ ಕೇಳಬಹುದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಉಂಟು. ಮೊತ್ತ ಸಣ್ಣದು, ಆದರೆ ಅದು ಹೋಗುವುದು ತಪ್ಪು ಮಾಡಿದ ಅಧಿಕಾರಿಯ ಜೇಬಿನಿಂದ.

ಈಗ ವಯಸ್ಸಿನ ವಿಷಯ. ಜನವರಿ ಒಂದನೇ ತಾರೀಖು ಹುಟ್ಟಿದವರು ಮಲೆನಾಡಿನ ಲೈನ್ ಮನೆಗಳಲ್ಲಿ (ತೋಟದ ಕೂಲಿಯವರ ಸಾಲು ಮನೆಗಳಲ್ಲಿ) ಎಷ್ಟು ಜನ ಸಿಗುತ್ತಾರೆ, ನೋಡಿದ್ದೀರಲ್ವಾ? ಆಧಾರ್ ಮಾಡಿಸುವಾಗ ಹುಟ್ಟಿದ ದಿನ ಗೊತ್ತಿಲ್ಲ ಎಂದವರಿಗೆ ಅಂದಾಜು ವಯಸ್ಸು ಬರೆದುಕೊಂಡು, ಹುಟ್ಟಿದ ದಿನ ಜನವರಿ ಒಂದು ಎಂದು ಹಾಕಿದರು. ಅದೇ ಇವತ್ತು ಅವರ ಅನ್ನಕ್ಕೆ ಅಡ್ಡ ಬಂದಿದೆ. ಆಧಾರ್ ಹುಟ್ಟಿದ ದಿನಾಂಕಕ್ಕೆ ಪುರಾವೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ, ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ ಹೇಳಿದೆ. ಮೇಲ್ಮನವಿಯಲ್ಲಿ ಈ ಮಾತು ಬರೆಯಿರಿ. ಅದಕ್ಕಿಂತ ಗಟ್ಟಿ ಮಾತು ನಿಮ್ಮ ಹತ್ತಿರವೇ ಇದೆ. ಅಣ್ಣನ ಶಾಲೆಯ ಟಿಸಿ ತೆಗೆಸಿ. ಆಮೇಲೆ ಅಮ್ಮನ ಹೆಸರಿನಲ್ಲಿ ಹೀಗೆ ಬರೆಯಿರಿ: “ನನ್ನ ದೊಡ್ಡ ಮಗ 1977ರಲ್ಲಿ ಹುಟ್ಟಿದ್ದಾನೆ. ಅವನ ಟಿಸಿ ಲಗತ್ತಿಸಿದ್ದೇನೆ. ಆಧಾರ್‌ನಲ್ಲಿರುವ ವರ್ಷವೇ ಸರಿ ಎನ್ನುವುದಾದರೆ ಆಗ ನನಗೆ 9 ವರ್ಷ. ಇದು ಸಾಧ್ಯವಿಲ್ಲ. ದಯವಿಟ್ಟು ನನ್ನ ನಿಜವಾದ ವಯಸ್ಸನ್ನು ಪರಿಶೀಲಿಸಿ.” ಹಳೆಯ ಮತದಾರರ ಪಟ್ಟಿ, ತೋಟದ ಪಿಎಫ್ ದಾಖಲೆ, ಅಮ್ಮ ಒಂದೆರಡು ಕ್ಲಾಸು ಓದಿದ್ದರೆ ಆ ಶಾಲೆಯ ದಾಖಲಾತಿ ಪುಸ್ತಕದ ನಕಲು, ಏನು ಸಿಕ್ಕಿದರೂ ಜೊತೆಗೆ ಇಡಿ.

ಇಷ್ಟಾದರೂ ಆಧಾರ್ ತಿದ್ದಿಸುವ ಕೆಲಸ ಬಿಡಬೇಡಿ. ಕಚೇರಿಯ ಕಂಪ್ಯೂಟರ್ ನೋಡುವುದು ಆಧಾರ್ ವಯಸ್ಸನ್ನೇ. ಅದು ಹಾಗೇ ಇದ್ದರೆ ಕರುಣೆ ಇರುವ ಅಧಿಕಾರಿಗೂ ಕೈ ಕಟ್ಟಿದಂತೆ. ಹುಟ್ಟಿದ ದಿನಾಂಕವನ್ನು ಸಾಮಾನ್ಯವಾಗಿ ಒಂದೇ ಸಲ ತಿದ್ದಲು ಬಿಡುತ್ತಾರೆ. ಯಾವ ದಾಖಲೆ ನಡೆಯುತ್ತದೆ ಎಂದು ಆಧಾರ್ ಕೇಂದ್ರದಲ್ಲಿ ಕೇಳಿಕೊಂಡು, ಸರಿಯಾದ ಕಾಗದ ಕೈಯಲ್ಲಿ ಇಟ್ಟುಕೊಂಡೇ ಹೋಗಿ. ಆ ಐದು ಸಾವಿರದವರು ಮಾಡಿಸುವುದು ಬಹುಶಃ ಸುಳ್ಳು ಕಾಗದ. ಸಿಕ್ಕಿಬಿದ್ದರೆ ಪಿಂಚಣಿ ರದ್ದಾಗುತ್ತದೆ, ಕೇಸು ಬೀಳುವುದು ಅಮ್ಮನ ಮೇಲೆ. ಸಂಧ್ಯಾ ಸುರಕ್ಷಾದಲ್ಲಿ ಬರುವುದು ತಿಂಗಳಿಗೆ 1,200 ರೂಪಾಯಿ. ಅವರಿಗೆ ಕೊಡುವ ದುಡ್ಡು ನಾಲ್ಕು ತಿಂಗಳ ಪಿಂಚಣಿಗಿಂತ ಜಾಸ್ತಿ. ಕುಟುಂಬದ ವರ್ಷದ ಆದಾಯ 32,000 ರೂಪಾಯಿ ಮೀರಬಾರದು ಎಂಬ ನಿಯಮವೂ ಇದೆ. ಆದಾಯ ಪ್ರಮಾಣಪತ್ರ ಸರಿ ಇದೆಯಾ ನೋಡಿಕೊಳ್ಳಿ.

ಪಕ್ಕದ ಮನೆಯ ಅಜ್ಜಿಯ ದುಡ್ಡು ಬೇರೆ ಖಾತೆಗೆ ಹೋಗುತ್ತಿರಬಹುದು. ಪಿಂಚಣಿ ಬರುವುದು ಪಾಸ್‌ಬುಕ್ ನಂಬರಿಗಲ್ಲ, ಆಧಾರ್‌ಗೆ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಮ್ಯಾಪಿಂಗ್ ಆದ, ಅಂದರೆ ಸರ್ಕಾರದ ದುಡ್ಡು ಬರಲೆಂದು ಜೋಡಿಸಿದ ಖಾತೆಗೆ. ಒಂದು ಹೊತ್ತಿಗೆ ಒಂದೇ ಖಾತೆ ಮ್ಯಾಪ್ ಆಗಿರುತ್ತದೆ. ಸಂಘದ ಸಾಲಕ್ಕೋ ಇನ್ಯಾವುದಕ್ಕೋ ಹೊಸ ಖಾತೆ ತೆರೆದಾಗ ಮ್ಯಾಪಿಂಗ್ ಅದಕ್ಕೆ ಹೋಗಿರುತ್ತದೆ, ಅಜ್ಜಿ ಮಾತ್ರ ಹಳೆಯ ಪಾಸ್‌ಬುಕ್ಕನ್ನೇ ಎಂಟ್ರಿ ಮಾಡಿಸುತ್ತಿರುತ್ತಾರೆ. ಬ್ಯಾಂಕಿನಲ್ಲಿ ‘ಲಿಂಕ್ ಆಗಿದೆಯಾ’ ಎಂದು ಕೇಳಬೇಡಿ. ‘ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗೆ ಇದೆ’ ಎಂದು ಕೇಳಿ. ಮೊಬೈಲ್‌ನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿದರೆ ಯಾವ ತಿಂಗಳು ಎಲ್ಲಿಗೆ ದುಡ್ಡು ಹೋಗಿದೆ ಎಂದು ಕಾಣುತ್ತದೆ. ಎಲ್ಲಿಗೂ ಹೋಗಿಲ್ಲ ಎಂದಾದರೆ, ಯಾಕೆ ನಿಂತಿತು ಎಂದು ತಹಶೀಲ್ದಾರರಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಎಲ್ಲಾದರೂ ತಡೆ ಬಂದರೆ, ನಿಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಫೋನ್ 15100. ಹಿಂಬರಹ ಕೈಗೆ ಬಂದ ಕೂಡಲೇ, ಆಧಾರ್ ಸಂಖ್ಯೆ ಕಾಣದಂತೆ ಮುಚ್ಚಿ, ಒಂದು ನಕಲು ನಮಗೆ ಕಳಿಸಿ. ಮೇಲ್ಮನವಿಯ ಒಕ್ಕಣೆ ನಾವೇ ಬರೆದುಕೊಡುತ್ತೇವೆ. 30 ದಿನದ ಲೆಕ್ಕ ಮಾತ್ರ ಮರೆಯಬೇಡಿ.

– ಸಂ.